ನಾಲ್ಕು ಇಂಚು

"ನಿನ್ನ ಗಾಡಿ ಅಲ್ಲ ಮಾಳಪ್ಪಣ್ಣ, ನಿನ್ನ ತಲಿ ರಿಪೇರಿ ಮಾಡಬೇಕಾಗೈತಿ. ಅದರ ಸಾಮಾನು ಈ ಅಂಗಡ್ಯಾಗ ಇಲ್ಲ."

"ಏ ದ್ಯಾಮ್ಯಾ, ಬಾಯಿ ಸಣ್ಣ ಮಾಡು. ಪಾನಾ ಹಿಡಿಯೋ ಕೈ ಮುರದು ನಿನ್ನ ಕೈಯಾಗ ಕೊಡ್ತೀನಿ."

"ಮುರಿ. ಮುರದರ ಈ ಗಟ್ಟಿ ಹಾಕೋ ಪಾಪ ಆದ್ರೂ ತಪ್ಪತೈತಿ ನನಗ. ನಾಕ ಇಂಚು! ದಿನಾ ಹದಿನೆಂಟ ಹೆಣ್ಮಕ್ಕಳನ್ನ ಹೊತಗೊಂಡು ಓಡೋ ಗಾಡಿ ಇದು. ಮೆರವಣಿಗ್ಯಾಗ ಕುಣಿಸೋ ಕುದುರಿ ಅಲ್ಲ."

ನಾನು ಆ ಗಟ್ಟಿಯನ್ನೇ ಎತ್ತಿ ಅವನ ಕಡೆ ಒಗೆದೆ. ಮೂರು ಕಿಲೋ ಕಬ್ಬಿಣ. ಅವನ ಕಿವಿಯ ಪಕ್ಕ ಹಾದು ಹಿಂದಿನ ತಗಡಿನ ಗೋಡೆಯನ್ನು ತಗ್ಗು ಮಾಡಿ ಕೆಳಗೆ ಬಿತ್ತು. ಕುಲುಮೆಯ ಮುಂದೆ ಕೂತಿದ್ದ ಮಹಮ್ಮದಸಾಬ ತಲೆ ಎತ್ತಲಿಲ್ಲ. ನಲವತ್ತು ವರ್ಷ ಗಾಡಿಗಳ ಕಮಾನು ಬಡಿದು ಬಡಿದು ಅವನ ಎರಡೂ ಕಿವಿ ಹೋಗಿದ್ದವು.

ಇದು ನಡೆದದ್ದು ಗಜೇಂದ್ರಗಡದಲ್ಲಿ, ರೋಣದ ರಸ್ತೆಗಿರುವ ಸಾಬನ ಅಂಗಡಿಯಲ್ಲಿ, ಬೆನಕನ ಅಮಾವಾಸ್ಯೆಯ ಹಿಂದಿನ ದಿನ. ಗಾಡಿಯ ಭಾರ ಹೊರುವ ಹಳೆಯ ಕಮಾನು ಕಾಸಿ ಬಾಗಿಸುವುದು ಸಾಬನ ಕೆಲಸ. ಗಾಡಿಯ ಕೆಳಗೆ ಮಲಗಿ ಬಿಚ್ಚುವುದು, ಕೂಡಿಸುವುದು ದ್ಯಾಮೇಶನ ಕೆಲಸ. ದ್ಯಾಮೇಶ ಲಕ್ಕಲಕಟ್ಟಿಯವನು. ಹತ್ತು ವರ್ಷ ಗೋವಾದ ಗ್ಯಾರೇಜುಗಳಲ್ಲಿ ದುಡಿದು ತಿರುಗಿ ಬಂದಿದ್ದ. ಅವನ ತಾಯಿ ಕರಿಯವ್ವ, ನನ್ನ ಗಾಡಿಯಲ್ಲಿ ಕೂಲಿಗೆ ಹೋಗುವ ಹೆಣ್ಣಾಳುಗಳ ಗ್ಯಾಂಗಿಗೆ ಹಿರಿಯಳು. ಅವನ ಹೆಂಡತಿ ಉಮಾ ಕೂಡ ಅದೇ ಗ್ಯಾಂಗಿನಲ್ಲಿದ್ದಳು.

ನಾನು ಮುಶಿಗೇರಿಯ ಮಾಳಿಂಗರಾಯ, ಮಂದಿಯ ಬಾಯಲ್ಲಿ ಮಾಳಪ್ಪ. ಊರ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಹನ್ನೊಂದು ವರ್ಷದಿಂದ ಪಿಕಪ್ ಹೊಡೆಯುತ್ತಿದ್ದೆ. ಬೆಳಗಿನ ಐದೂವರೆಗೆ ಮುಶಿಗೇರಿ, ಆರಕ್ಕೆ ಲಕ್ಕಲಕಟ್ಟಿ, ಎಂಟರೊಳಗೆ ನರಗುಂದದ ಕಡೆಯ ಎರೆ ಹೊಲ. ಸಂಜೆ ಅದೇ ದಾರಿ, ತಿರುಗಿ. ಒಂದು ದಿನ ತಪ್ಪಿಸಿದವನಲ್ಲ. ನನ್ನ ಸಿಟ್ಟು ಎರಡೂ ಊರಿಗೆ ಗೊತ್ತಿತ್ತು. ಆದರೂ ಗ್ಯಾಂಗು ನನ್ನ ಗಾಡಿಯನ್ನೇ ಹತ್ತುತ್ತಿತ್ತು, ಯಾಕೆಂದರೆ ನಾನು ತಡ ಮಾಡುತ್ತಿರಲಿಲ್ಲ.

ಎರೆ ಹೊಲದ ದಾರಿ ಮಳೆಗಾಲದಲ್ಲಿ ದಾರಿಯಲ್ಲ, ಅಂಟು. ಟ್ರ್ಯಾಕ್ಟರ್‌ಗಳು ಓಡಾಡಿ ಎರಡು ಕಡೆ ಮೊಣಕಾಲುದ್ದ ಗಾಲಿಗುಂಡಿ ಮಾಡಿರುತ್ತವೆ. ನಡುವೆ ಉಳಿದ ದಿನ್ನೆ ಗಾಡಿಯ ಹೊಟ್ಟೆಗೆ ತಾಗುತ್ತದೆ. ಆ ವರ್ಷ ನನ್ನ ಗಾಡಿ ಮೂರು ಸಲ ಹೊಟ್ಟೆಯ ಮೇಲೆ ಕೂತಿತು. ಮೂರನೆಯ ಸಲ ಹದಿನೆಂಟು ಹೆಂಗಸರು ಕೆಸರಿಗಿಳಿದು ನೂಕುತ್ತಿರುವಾಗ ಪಕ್ಕದಲ್ಲೇ ನರಗುಂದದ ಒಬ್ಬ ಹುಡುಗನ ಪಿಕಪ್ ಹಾದುಹೋಯಿತು. ನಾಲ್ಕು ಇಂಚು ಎತ್ತರಿಸಿದ ಗಾಡಿ, ಕೊಕ್ಕರೆಯ ಹಾಗೆ ಕಾಲು ಎತ್ತಿಟ್ಟು ನಡೆದಂತೆ ಹೋಯಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಾಕಾ, ನಿನ್ನ ಎಮ್ಮಿ ಮಲಗೈತೇನು? ಬಾಲ ಹಿಡದು ಎಬ್ಬಸು" ಅಂದ.

ಹೆಂಗಸರು ನಕ್ಕರು. ಕರಿಯವ್ವ ಎಲ್ಲರಿಗಿಂತ ಜೋರಾಗಿ ನಕ್ಕು, "ಮಾಳಪ್ಪ, ನಾಳಿಂದ ಈ ಹುಡುಗನ ಗಾಡಿ ಹತ್ತೂನ ಏನ ಮತ್ತ?" ಅಂದಳು. ಅವಳಿಗೆ ಅದು ತಮಾಷೆ. ನನಗೆ ಅಲ್ಲ. ಮರುದಿನವೇ ಹುಬ್ಬಳ್ಳಿಯ ಗುಜರಿ ಬಜಾರಿಗೆ ಹೋಗಿ ನಾಲ್ಕು ಇಂಚಿನ ಗಟ್ಟಿ ಎರಡು, ಅವುಗಳನ್ನು ಬಿಗಿಯುವ ಉದ್ದನೆಯ ಬೋಲ್ಟುಗಳು, ಲಾರಿಯಿಂದ ಬಿಚ್ಚಿದ ಕಮಾನಿನ ಉಕ್ಕಿನ ಪಟ್ಟಿ, ಅಂದರೆ ಪಾಟಾ, ಎರಡು ಆರಿಸಿಕೊಂಡು ಬಂದೆ. ಅದೇ ಸಾಮಾನಿನ ಸಲುವಾಗಿ ಈ ಜಗಳ.

ದ್ಯಾಮೇಶ ಬಿದ್ದ ಗಟ್ಟಿಯನ್ನು ಎತ್ತಿ ತಂದು ಗೋಣಿಚೀಲದ ಮೇಲೆ ಇಟ್ಟ.

"ಕೇಳು. ಅಚ್ಚಿಗೂ ಕಮಾನಿಗೂ ನಡುವ ಈ ಗಟ್ಟಿ ಇಟ್ರ ಗಾಡಿ ಎತ್ತರ ಕಾಣತೈತಿ ಖರೆ. ಭಾರ ಬಿದ್ದು ಎಳದಾಗ ಕಮಾನು ತಿರುಚತೈತಿ. ಮ್ಯಾಲ ಲಾರಿ ಪಾಟಾ ಬ್ಯಾರೆ ಅಂತಿ. ಹಿಂದಿನ ಕಡೆ ಬಂಡಿಗಲ್ಲು ಆಗತೈತಿ, ಒಂದ ತಗ್ಗಿಗೆ ಹೆಣ್ಮಕ್ಕಳ ನಡ ಮುರೀತಾವ. ಬರೇ ಹಿಂದ ಎತ್ತಿದ್ರ ಮೂತಿ ನೆಲ ಮೂಸತೈತಿ."

"ನೀ ಏನ ಹಾಕಾಂವ ಹಂಗಾರ?"

"ಇದ ಗಾಡೀದು ಒಂದ ಪಾಟಾ ಹೆಚ್ಚಿಗಿ. ಮುಂದಿನ ಸ್ಪ್ರಿಂಗಿನ ಕೆಳಗ ಒಂದ ಅಡಕು. ಕುಲುಕು ತಡಿಯೋ ಶಾಕು ಸ್ವಲ್ಪ ಉದ್ದಂದು. ಎರಡ ಇಂಚು ಏಳತೈತಿ, ಸಾಕು. ದಿನಾ ಓಡೋ ಗಾಡಿ, ಅಷ್ಟರ ಮ್ಯಾಲ ಹೋಗಬಾರದು."

"ನರಗುಂದದವಂದು ನಾಕ ಐತಿ."

"ಅವ ಉಳ್ಳಾಗಡ್ಡಿ ಹೊರತಾನ. ಉಳ್ಳಾಗಡ್ಡಿ ಬಿದ್ರ ಆರಿಸ್ಕೋಬಹುದು."

ಆ ಮಾತಿಗೆ ನಾನು ಅವನ ಕಪಾಳಕ್ಕೆ ಬಾರಿಸಿದೆ. ಅವನು ನನ್ನ ಅಂಗಿ ಹಿಡಿದ. ಇಬ್ಬರೂ ಕಬ್ಬಿಣದ ಚೂರುಗಳ ಮೇಲೆ ಉರುಳಾಡಿದೆವು. ನನ್ನ ಮೊಣಕೈಗೆ ಬೋಲ್ಟು ಹೊಕ್ಕಿತು. ಅವನ ತುಟಿ ಒಡೆಯಿತು. ನಾನು ಅವನ ತಲೆಯನ್ನು ಕುಲುಮೆಯ ಅಡಿಗಲ್ಲಿಗೆ ಒತ್ತಿ ಹಿಡಿದಾಗ ಮಹಮ್ಮದಸಾಬ ಎದ್ದು ಬಂದ. ಕೆಂಪಗೆ ಕಾದ ಪಾಟಾವನ್ನು ಇಕ್ಕಳದಲ್ಲಿ ಹಿಡಿದು ನಮ್ಮಿಬ್ಬರ ಮುಖದ ನಡುವೆ ತಂದು ನಿಲ್ಲಿಸಿದ. ನನ್ನ ಮೀಸೆ ಸುಟ್ಟ ವಾಸನೆ ಬಂತು. ಒಬ್ಬರನ್ನೊಬ್ಬರು ಬಿಟ್ಟೆವು.

"ನೀ ಹಾಕಂಗಿಲ್ಲ ಅಂದ್ರ ಬ್ಯಾಡ. ರೋಣದಾಗ ಹಾಕೋರದಾರ."

ದ್ಯಾಮೇಶ ರಕ್ತ ಉಗುಳಿದ. ಸ್ವಲ್ಪ ಹೊತ್ತು ನನ್ನ ಗಾಡಿ ನೋಡುತ್ತ ನಿಂತ. ಅದರಲ್ಲಿ ಅವನ ತಾಯಿ, ಹೆಂಡತಿ ದಿನಾ ಕೂಡುತ್ತಾರೆ ಎಂಬುದು ನನಗಿಂತ ಅವನಿಗೆ ಹೆಚ್ಚು ನೆನಪಿತ್ತು. "ಅವರು ಇನ್ನೂ ಹಾಳ ಮಾಡ್ತಾರ. ತಾ ಇಲ್ಲಿ," ಅಂದ. "ನಾನ ಹಾಕ್ತೀನಿ. ಆದ್ರ ಒಂದ ಮಾತು ಕೇಳಬೇಕು."

ನನ್ನನ್ನು ಗಾಡಿಯ ಕೆಳಗೆ ಕರೆದು ಟಾರ್ಚು ಹಿಡಿದು ಒಂದು ರಾಡು ತೋರಿಸಿದ. ಗೇಣುದ್ದ, ಕಿರುಬೆರಳ ದಪ್ಪ. ಹಿಂದಿನ ಅಚ್ಚಿನಿಂದ ಹೊರಟು ಮೇಲೆ ಗಾಡಿಯ ಚಾಸಿ ಚೌಕಟ್ಟಿಗೆ ಹೊಂದಿಸಿದ ಒಂದು ಸಣ್ಣ ಡಬ್ಬಿಗೆ ಅದು ಕೂಡುತ್ತಿತ್ತು.

"ಇದು ಗಾಡೀ ಬೆನ್ನ ಮ್ಯಾಗ ಭಾರ ಎಷ್ಟೈತಿ ಅಂತ ಬ್ರೇಕಿಗೆ ಹೇಳೋ ನಾಲಿಗಿ. ಮಂದಿ ಹತ್ತಿದ್ರ ಗಾಡಿ ತಗ್ಗತೈತಿ, ಈ ರಾಡು ಮ್ಯಾಲ ಏರತೈತಿ, ಆಗ ಹಿಂದಿನ ಗಾಲಿಗೆ ಪೂರಾ ಬ್ರೇಕ್ ಬಿಡತೈತಿ. ನೀ ನಾಕ ಇಂಚು ಎತ್ತಿದ ಮ್ಯಾಲ ಗಾಡಿ ತಗ್ಗಂಗ ಇಲ್ಲ. ಹದಿನೆಂಟ ಮಂದಿ ಕುಂತ್ರೂ ಇದು ಖಾಲಿ ಐತಿ, ಖಾಲಿ ಐತಿ ಅಂತ ಹೇಳಕೋತ ಇರತೈತಿ. ಇದನ್ನ ನಾಕ ಇಂಚು ಉದ್ದ ಮಾಡಬೇಕು. ಗದಗಿನಿಂದ ತರಬೇಕು, ನಾಳಿ ಅಮಾಸಿ, ಅಂಗಡಿ ಬಂದ್. ಪಾಡ್ಯಾ ದಿನಾ ಗಾಡಿ ಇಲ್ಲೇ ನನ್ನ ಹಂತ್ಯಾಕ ಬಿಡು."

"ಪಾಡ್ಯಾ ದಿನಾ ಹೆಸರಕಾಯಿ ಬಿಡಸಾಕ ಮಾತು ಕೊಟ್ಟೀನಿ. ಮ್ವಾಡ ನೋಡು. ಒಂದ ಮಳಿ ಬಿದ್ರ ಗಿಡದಾಗಿನ ಕಾಯಿ ಗಿಡದಾಗ ಮೊಳಕಿ ಒಡೀತಾವು. ತಂತಿ ಹಾಕಿ ಕಟ್ಟು."

"ತಂತಿ ಕಟ್ಟೋದು ಬೇಲಿಗೆ."

"ನಾ ಹನ್ನೊಂದು ವರ್ಷ ಗಾಡಿ ಹೊಡದೀನಿ. ಈ ರಾಡು ಐತಿ ಅಂತ ಇವತ್ತ ಗೊತ್ತಾತು ನನಗ. ಅಂದ್ರ ತಿಳಕೋ, ಅದೆಷ್ಟು ದೊಡ್ಡದು ಅಂತ."

ಇಷ್ಟು ಹೇಳಿ ನಾನು ಹೊರಗೆ ಬಂದು ಚಹಾ ಕುಡಿದೆ. ಹೊತ್ತು ಮುಳುಗುವುದರೊಳಗೆ ಗಟ್ಟಿ, ಪಾಟಾ, ಬೋಲ್ಟು ಎಲ್ಲ ಕೂತವು. ರಾಡು ಇದ್ದ ಹಾಗೇ ಉಳಿಯಿತು.

ಅಮಾವಾಸ್ಯೆಯ ದಿನ ನಮ್ಮ ಕಡೆ ಗಾಡಿಗೆ ಭಾರ ಹೇರುವುದಿಲ್ಲ. ಎತ್ತಿನ ಕೊರಳಿಗೆ ಆ ದಿನ ಹೇಗೆ ನೊಗ ಇಡುವುದಿಲ್ಲವೋ ಹಾಗೆ. ತೊಳೆದು, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿ, ಖಾಲಿ ಗಾಡಿಯನ್ನು ಒಂದು ಸುತ್ತು ಹೊಡೆದು ತಂದು ನಿಲ್ಲಿಸಬೇಕು. ನನ್ನ ಅಪ್ಪನ ಎತ್ತಿನ ಬಂಡಿಗೂ ಅದೇ ಪದ್ಧತಿ ಇತ್ತು. ಕರಿಯವ್ವ ಲಕ್ಕಲಕಟ್ಟಿಯಿಂದ ಕಾಯಿ, ಕರ್ಪೂರ ತಂದಿದ್ದಳು. ಉಮಾ ಹಿಂದೆ ನಿಂತು ಗಾಡಿಯ ಹೊಸ ಎತ್ತರ ನೋಡಿ, "ಅಯ್ಯ, ಇದನ್ನ ಹತ್ತಾಕ ಏಣಿ ಬೇಕಾಗತೈತಿ" ಅಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು.

ದ್ಯಾಮೇಶ ಅಂದ: "ಹತ್ತ ಚೀಲ ಉಸುಕು ಹಾಕಿ ಗುಡ್ಡದ ಇಳಕಲಕ್ಕ ಒಯ್ದು ಬ್ರೇಕು ಪರೀಕ್ಷಾ ಮಾಡು. ಖಾಲಿ ಗಾಡಿ ಪರೀಕ್ಷಾ ಮಾಡಿದ್ರ ಏನೂ ತಿಳಿಯಂಗಿಲ್ಲ."

"ಅಮಾಸಿ ದಿನಾ ಭಾರ ಹೇರು ಅಂತಿ? ಗೋವಾದಾಗ ದ್ಯಾವರನ್ನೂ ಗ್ಯಾರೇಜಿಗೆ ಬಿಟ್ಟ ಬಂದಿ ಏನ?"

ಕರಿಯವ್ವ ಮಗನ ಕಡೆ ಕಣ್ಣು ಬಿಟ್ಟಳು. "ಹಬ್ಬದ ದಿನ ಬಾಯಾಗ ಒಳ್ಳೆ ಮಾತು ಬರಲಿ. ಮಾಳಪ್ಪ ಹುಟ್ಟಿದಾಗ ನೀ ಇನ್ನೂ ಹುಟ್ಟಿರಲಿಲ್ಲ."

ಕರೆಂಟು ಮಾಡುವ ಗಾಳಿಕಂಬಗಳನ್ನು ನಿಲ್ಲಿಸಿದವರು ಗುಡ್ಡದ ಮೇಲೆ ಒಂದು ಒಳದಾರಿ ಮಾಡಿದ್ದಾರೆ. ದೊಡ್ಡ ರಸ್ತೆಯಲ್ಲಿ ಮಂದಿ ತುಂಬಿದ ಪಿಕಪ್‌ಗಳನ್ನು ಪೊಲೀಸರು ತಡೆಯುತ್ತಾರೆಂದು ನಾನು ದಿನಾ ಆ ದಾರಿಯನ್ನೇ ಹಿಡಿಯುತ್ತಿದ್ದೆ. ಅಂದು ಖಾಲಿ ಗಾಡಿಯನ್ನು ಅದೇ ಇಳಿಜಾರಿನಲ್ಲಿ ಜೋರಾಗಿ ಬಿಟ್ಟು, ದ್ಯಾಮೇಶ ಪಕ್ಕದಲ್ಲಿ ಕೂತಿರುವಾಗಲೇ, ಬ್ರೇಕು ತುಳಿದೆ. ಗಾಡಿ ಮೊಳೆ ಬಡಿದ ಹಾಗೆ ನಿಂತಿತು. ಅವನ ಹಣೆ ಮುಂದಿನ ಗಾಜಿಗೆ ಬಡಿಯಿತು.

"ಹೆಂಗ? ನಾಲಿಗಿ ಏನಂತೈತಿ?" ಅಂದೆ.

ಅವನು ಹಣೆ ಒತ್ತಿಕೊಳ್ಳುತ್ತ, "ಖಾಲಿ ಐತಿ ಅಂತೈತಿ. ಖರೇನ ಹೇಳತೈತಿ, ಇವತ್ತ" ಅಂದ.

ಪಾಡ್ಯದ ಬೆಳಿಗ್ಗೆ ಆರಕ್ಕೆ ಲಕ್ಕಲಕಟ್ಟಿಯಲ್ಲಿ ಗಾಡಿ ನಿಲ್ಲಿಸಿದೆ. ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಲದವನು ಆಗಲೇ ಎರಡು ಸಲ ಫೋನು ಮಾಡಿದ್ದ. ಹೆಂಗಸರು ಬುತ್ತಿಗಂಟು, ಕುಡಗೋಲು ಹಿಡಿದು ಬಂದರು. ಆದರೆ ಹಿಂದಿನ ಪಟ್ಟಿಗೆ, ಇಳಿಬಿಡುವ ಆ ತಗಡಿನ ಬಾಗಿಲಿಗೆ, ಯಾರ ಕಾಲೂ ಎಟುಕಲಿಲ್ಲ. ಉಮಾ ನೆಲಕ್ಕೆ ಒಂದು ಮೊಣಕಾಲು ಊರಿ ಇನ್ನೊಂದನ್ನು ಮೆಟ್ಟಿಲು ಮಾಡಿದಳು. ಒಬ್ಬೊಬ್ಬರೇ ಅವಳ ತೊಡೆಯ ಮೇಲೆ ಕಾಲಿಟ್ಟು ಹತ್ತಿದರು. "ಇಷ್ಟ ಎತ್ತರ ನನ್ನ ಮದವಿ ಹಂದರಾನೂ ಇರಲಿಲ್ಲ" ಎಂದು ಯಾರೋ ಅಂದರು. ಕೊನೆಗೆ ಕರಿಯವ್ವ ಹತ್ತಿ, ಮೇಲಿಂದ ಕೈ ಕೊಟ್ಟು ಸೊಸೆಯನ್ನು ಎಳೆದುಕೊಂಡಳು.

ನಾನು ಚಾವಿ ತಿರುವಬೇಕು ಅನ್ನುವಷ್ಟರಲ್ಲಿ ಗಾಡಿಯ ಕೆಳಗೆ ಕಬ್ಬಿಣದ ಸಪ್ಪಳ ಕೇಳಿಸಿತು. ಇಳಿದು ನೋಡಿದರೆ ಹಿಂದಿನ ಗಾಲಿಯ ಹತ್ತಿರ ಎರಡು ಕಾಲು ಹೊರಗೆ ಚಾಚಿದ್ದವು.

"ಯಾರಂವ?"

"ಅರ್ಧಾ ತಾಸು ಮಾಳಪ್ಪಣ್ಣ," ದ್ಯಾಮೇಶನ ದನಿ. "ರೋಣದ ಗುಜರ್‍ಯಾಗಿನ ಒಂದ ಹಳೇ ರಾಡು ನಿನ್ನಿ ಬಾಗಲಾ ತಗಸಿ ತಂದು, ಕತ್ತರಿಸಿ, ರಾತ್ರಿ ಬೆಸಿಗಿ ಹಾಕೀನಿ. ನಾಕ ಇಂಚು ಉದ್ದ ಆಗೈತಿ. ಎರಡ ನಟ್ಟು, ಅಷ್ಟ. ಅರ್ಧಾ ತಾಸು."

"ಹೊರಗ ಬಾ."

ಅವನು ಹೊರಗೆ ಬರಲಿಲ್ಲ. ಒಳಗಿಂದಲೇ ಕೂಗಿದ: "ಯವ್ವಾ, ಉಮಾ, ಎಲ್ಲಾರೂ ಇಳೀರಿ. ಈ ಗಾಡಿಗೆ ಹಿಂದ ಬ್ರೇಕಿಲ್ಲ. ಇಳೀರಿ ಅಂತೀನಿ!"

ಮೇಲೆ ಗದ್ದಲವಾಯಿತು. ಉಮಾ ಪಟ್ಟಿಯ ಹೊರಗೆ ಒಂದು ಕಾಲು ಇಳಿಬಿಟ್ಟಳು.

ಅಮಾವಾಸ್ಯೆಯ ಪೂಜೆ ಆದ ಮರುದಿನ, ನನ್ನ ಗಾಡಿ ಊರ ನಡುವೆ ನಿಂತಿರುವಾಗ, ನನ್ನದೇ ಮಂದಿಯ ಮುಂದೆ, ಅದಕ್ಕೆ ಬ್ರೇಕಿಲ್ಲ ಎಂದು ಕೂಗುತ್ತಾನೆ. ಅವನ ಎರಡೂ ಕಾಲು ಹಿಡಿದು ಎಳೆದೆ. ಬೆನ್ನು ಕಲ್ಲಿನ ಮೇಲೆ ಉಜ್ಜುತ್ತ ಹೊರಗೆ ಬಂದ. ಅವನ ಕೈಯಲ್ಲಿ ರಾಡು ಇತ್ತು, ಬೆಸುಗೆಯ ಗಂಟು ಇನ್ನೂ ಹೊಳೆಯುತ್ತಿತ್ತು. ನಾನು ಜಾಕಿನ ಹಿಡಿಕೆ ತೆಗೆದುಕೊಂಡು ಹೊಡೆದೆ. ಮೊದಲನೆಯ ಏಟು ಭುಜಕ್ಕೆ. ಕೊರಳ ಹತ್ತಿರದ ಎಲುಬು ಹಸಿ ಕಟ್ಟಿಗೆಯ ಹಾಗೆ ಮುರಿದ ಸಪ್ಪಳ ಬಂತು. ಎರಡನೆಯದು ಬೆನ್ನಿಗೆ. ಮೂರನೆಯದು ಎಲ್ಲಿ ಬಿತ್ತೋ ನೆನಪಿಲ್ಲ. ಅವನು ರಾಡು ಬಿಡಲಿಲ್ಲ. ನಾನು ಅವನ ಮಣಿಕಟ್ಟಿನ ಮೇಲೆ ನಿಂತು, ಬೆರಳು ಬಿಡಿಸಿ, ಕಿತ್ತುಕೊಂಡು ಜಾಲಿಬೇಲಿಯೊಳಗೆ ಒಗೆದೆ.

ಕರಿಯವ್ವ ಕೆಳಗಿಳಿದು ಬಂದಳು. ನನ್ನನ್ನು ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಕಾಲಿನ ಚಪ್ಪಲಿ ತೆಗೆದು ಬಿದ್ದಿದ್ದ ಮಗನ ಮುಖಕ್ಕೆ ಎರಡು ಹೊಡೆದಳು.

"ಹೊಂಟ ನಿಂತ ಗಾಡಿಗೆ ಅಪಶಕುನ ನುಡೀತಿ? ನಿನ್ನಿ ನೀನ ಕುಂತು ನೋಡಿ ಬಂದಿ, ನಿಂತಿತೋ ಇಲ್ಲೋ? ಹದಿನೆಂಟ ಮನಿ ಒಲಿ ಈ ಗಾಡಿ ಮ್ಯಾಗ ಉರೀತಾವು. ಏಳು, ಮನಿಗೆ ಹೋಗು." ಆಮೇಲೆ ಸೊಸೆಯ ಕಡೆ ತಿರುಗಿ, "ಕಾಲು ಒಳಗ ತಗೋ. ನಿನ್ನ ಗಂಡಗ ಹುಚ್ಚ ಹಿಡದ್ರ ನಿನಗೂ ಹಿಡೀಬೇಕೇನು?" ಎಂದಳು.

ಉಮಾ ಗಂಡನ ಕಡೆ ನೋಡಿದಳು. ಅವನು ಎಡಗೈಯಿಂದ ನೆಲ ಊರಿ ಏಳಲು ನೋಡುತ್ತಿದ್ದ. ಅವಳು ಇಳಿಯಬೇಕೆಂದು ಇನ್ನೊಂದು ಕಾಲನ್ನೂ ಎತ್ತಿದ್ದಳು, ನಾನು ನೋಡಿದೆ. ಕರಿಯವ್ವ ಮೇಲೆ ಹತ್ತಿ, ಅವಳ ರಟ್ಟೆ ಹಿಡಿದು ಒಳಗೆ ಎಳೆದು ಕೂಡಿಸಿ, ಪಟ್ಟಿ ಹಾಕಿಸಿದಳು. ನಾನು ಗಾಡಿ ಬಿಟ್ಟೆ.

ಗುಡ್ಡ ಹತ್ತುವಾಗ ಏನೂ ಆಗಲಿಲ್ಲ. ಹೆಂಗಸರಲ್ಲಿ ಯಾರೋ ಪದ ಶುರು ಮಾಡಿದ್ದರು. ಇಳಿಜಾರಿನ ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು, ಆದರೆ ಗಾಡಿ ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದೆ ಹೋಯಿತು. ಎರಡನೆಯ ತಿರುವಿಗೆ ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ ಬಂತು. ಎರಡು ಗಾಲಿ ನಾಲ್ಕರ ಕೆಲಸ ಮಾಡುತ್ತಿದ್ದವು. ಮೂರನೆಯ ತಿರುವಿನ ಮುಂದೆ ಪೆಡಲು ತುಳಿದರೆ ಕಾಲು ನೆಲದವರೆಗೆ ಹೋಯಿತು, ಒದ್ದೆ ಅರಿವೆ ತುಳಿದ ಹಾಗೆ. ಗೇರು ಇಳಿಸಲು ನೋಡಿದೆ, ಕೂಡಲಿಲ್ಲ. ಹ್ಯಾಂಡ್‌ಬ್ರೇಕು ಎಳೆದೆ. ಹಿಂದಿನ ಗಾಲಿ ಎರಡೂ ಒಮ್ಮೆಲೇ ಬಿಗಿದು ಗಾಡಿ ಅಡ್ಡ ತಿರುಗಿತು. ಮೊದಲಿನ ಎತ್ತರ ಇದ್ದಿದ್ದರೆ ಅಡ್ಡ ಜಾರಿ ಬದುವಿಗೆ ತಾಗಿ ನಿಲ್ಲುತ್ತಿತ್ತೋ ಏನೋ. ನಾಲ್ಕು ಇಂಚು ಎತ್ತರದ ಗಾಡಿ ನಿಲ್ಲಲಿಲ್ಲ. ಮಗ್ಗುಲಾಯಿತು.

ಮಗ್ಗುಲಾಗುವ ಮೊದಲು ಹಿಂದಿನಿಂದ ಬಂದದ್ದು ಕಿರಚಾಟವಲ್ಲ. ಹದಿನೆಂಟು ಮಂದಿ ಒಟ್ಟಿಗೆ ಉಸಿರು ಎಳೆದುಕೊಂಡ ಸಪ್ಪಳ. ಆಮೇಲೆ ತಗಡು, ಕಲ್ಲು, ಎಲುಬು.

ಸ್ಟೇರಿಂಗು ಎದೆಗೆ ಬಡಿದು ನನ್ನ ಪಕ್ಕೆಲುಬು ಮುರಿದಿತ್ತು. ಒಡೆದ ಗಾಜಿನಿಂದ ತೆವಳಿ ಹೊರಗೆ ಬಂದೆ. ರಸ್ತೆಯ ತುಂಬ ರೊಟ್ಟಿ, ಕೆಂಪು ಚಟ್ನಿ, ಕುಡಗೋಲು, ಚಪ್ಪಲಿ. ಹೆಂಗಸರು ಹರಿದ ಚೀಲದಿಂದ ಚೆಲ್ಲಿದ ಹಾಗೆ ಬಿದ್ದಿದ್ದರು. ಒಬ್ಬಳ ಕೈ ಮೊಣಕೈಯಿಂದ ಹಿಂದಕ್ಕೆ ತಿರುಗಿತ್ತು, ಅವಳು ಅದನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಕರಿಯವ್ವ ಸೊಂಟದ ಕೆಳಗೆ ಅಲುಗಾಡದೆ ಕೂಗುತ್ತಿದ್ದಳು. ನನ್ನ ಹೆಸರಲ್ಲ, ಮಗನ ಹೆಸರಲ್ಲ. "ಉಮಾ, ಏ ಉಮಾ" ಎಂದು.

ಉಮಾ ಪಟ್ಟಿಯ ಕಡೆಗೇ ಕೂತಿದ್ದವಳು. ಗಾಡಿಯ ಅಂಚು ಅವಳ ಎದೆಯ ಮೇಲೆ ಇತ್ತು. ಏಳು ಮಂದಿ ಸೇರಿ ಎತ್ತಿದೆವು. ಎತ್ತಿದ ಮೇಲೆ ಅವಳನ್ನು ನೋಡಬಾರದಿತ್ತು, ನೋಡಿದೆ. ಮೇಲೆ ಗಾಳಿಕಂಬ ಸುಯ್ಯೆಂದು ತಿರುಗುತ್ತಿತ್ತು. ಆ ಸಪ್ಪಳಕ್ಕೆ ಸಿಟ್ಟು ಬಂದು ಒಂದು ಕಲ್ಲು ತೆಗೆದು ಅದಕ್ಕೆ ಒಗೆದೆ. ಅರ್ಧಕ್ಕೂ ಮುಟ್ಟಲಿಲ್ಲ.

ದವಾಖಾನೆಯ ಅಂಗಳದಲ್ಲಿ ದ್ಯಾಮೇಶ ಒಂದೇ ಕೈಯಿಂದ ನನ್ನ ಗಂಟಲು ಹಿಡಿದ. ಇನ್ನೊಂದು ಕೈ ಕೊರಳಿಗೆ ಕಟ್ಟಿದ ಅರಿವೆಯಲ್ಲಿತ್ತು. ಗೋಡೆಗೆ ಒತ್ತಿ, ನನ್ನ ಮುರಿದ ಪಕ್ಕೆಗೆ ಮೊಣಕಾಲು ಕೊಟ್ಟ. "ಅರ್ಧಾ ತಾಸು," ಅಂದ. "ಅರ್ಧಾ ತಾಸು ಬೇಡಿದ್ನೆಲ್ಲೋ ನಿನಗ." ಮೂರು ಮಂದಿ ಅವನನ್ನು ಎಳೆದು ಬಿಡಿಸಿದರು. ನನಗೆ ಉಸಿರು ಬಂದ ಮೇಲೆ ಸುತ್ತಲಿನವರು ಕೇಳಿದರು: ಏನಾಯಿತು ಮಾಳಪ್ಪ? ಬ್ರೇಕು ಯಾಕೆ ಹೋಯಿತು?

ನಾನು ಆ ಹೊತ್ತಿನಲ್ಲಿ ಹೇಳಿದ್ದು ಇಷ್ಟು: "ಮುಂಜಾನೆ ಗಾಡಿ ಕೆಳಗ ಯಾರ ಮಲಗಿದ್ರು, ಅವನ್ನ ಕೇಳ್ರಿ."

ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ಮಂದಿಯೇ ಕೂಡಿಸಿದರು. ಅವನು ಕೆಳಗೆ ಮಲಗಿದ್ದನ್ನು ಎಲ್ಲ ಹೆಂಗಸರೂ ನೋಡಿದ್ದರು. ಗಾಡಿಗೆ ಬ್ರೇಕಿಲ್ಲ ಎಂದು ಅವನು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಹೊರಡುವ ಮೊದಲೇ ಬ್ರೇಕಿಲ್ಲ ಎಂದು ಅವನಿಗೆ ಹೇಗೆ ಗೊತ್ತಿತ್ತು? ತನ್ನ ತಾಯಿ ಹೆಂಡತಿಯನ್ನು ಇಳಿಸಲು ಯಾಕೆ ನೋಡಿದ? ಎರಡು ದಿನದ ಹಿಂದೆ ಅಂಗಡಿಯಲ್ಲಿ ಮಾಳಪ್ಪನಿಂದ ಪೆಟ್ಟು ತಿಂದಿದ್ದ, ಸೇಡು ತೀರಿಸಿಕೊಂಡ. ಒಂದೊಂದು ಮಾತೂ ಖರೆ. ಕೂಡಿಸಿದಾಗ ಸುಳ್ಳು.

ಮೂರನೆಯ ದಿನ, ಉಮಾಳ ಮಣ್ಣು ಮುಗಿದ ಮೇಲೆ, ಅವಳ ಅಣ್ಣ ಉಮೇಶ, ಊರ ನಾಲ್ಕು ಹಿರಿಯರು, ಗಾಯ ಕಡಿಮೆಯಾದ ಹೆಂಗಸರು ದವಾಖಾನೆಯಲ್ಲಿ ಕರಿಯವ್ವನ ಮಂಚದ ಸುತ್ತ ಸೇರಿದರು. ಅಮಾವಾಸ್ಯೆಗೆ ಮುಂಚೆ ಅಂಗಡಿಯಲ್ಲಿ ಏನು ಮಾತಾಯಿತೆಂದು ಕೈಸನ್ನೆಯಲ್ಲಿ ಕೇಳಲು ಮಹಮ್ಮದಸಾಬನನ್ನೂ ಕರೆಸಿದ್ದರು. ಅವನು ಎರಡು ಕೈ ಬಿಚ್ಚಿ, "ಜಗಳ ನೋಡೀನ್ರಿ. ಮಾತು ನನಗ ಕೇಳಸಂಗಿಲ್ಲ" ಅಂದ.

ದ್ಯಾಮೇಶ ಹೇಳಿದ: "ಲಕ್ಕಲಕಟ್ಟಿ ಜಾಲಿಬೇಲ್ಯಾಗ ರಾಡು ಬಿದ್ದೈತಿ. ಇವನ ಒಗದಾನ. ಹೋಗಿ ನೋಡ್ರಿ, ನಾಕ ಇಂಚು ಬೆಸಿಗಿ ಹಾಕಿದ್ದು ಐತಿ. ನಾ ಹಾಳ ಮಾಡಾಕ ಹೋಗಿದ್ರ ರಾಡು ಯಾಕ ಉದ್ದ ಮಾಡಲಿ?"

ಇಬ್ಬರು ಹುಡುಗರು ಮೋಟರ್‌ಸೈಕಲ್ ಮೇಲೆ ಹೋಗಿ ಬಂದರು. ಬೇಲಿಯಲ್ಲಿ ಏನೂ ಇಲ್ಲ ಎಂದರು.

ಇರಲಿಲ್ಲ, ಯಾಕೆಂದರೆ ಅಂದು ಬೆಳಕು ಹರಿಯುವಾಗ ನಾನು ಹೋಗಿ ಮುಳ್ಳಿನಲ್ಲಿ ಕೈ ಹಾಕಿ ತೆಗೆದಿದ್ದೆ. ಹಾದಿಯಲ್ಲಿ ಬಾವಿಗೆ ಹಾಕಬೇಕೆಂದಿದ್ದೆ. ಬಾವಿಯ ಕಟ್ಟೆಯಲ್ಲಿ ನೀರು ಸೇದುವವರಿದ್ದರು. ಅಲ್ಲಿಂದ ನೇರ ದವಾಖಾನೆಗೆ ಬರಬೇಕಾಯಿತು. ಅದು ಆಗ ನನ್ನ ಅಂಗಿಯೊಳಗೆ ಇತ್ತು, ಪಕ್ಕೆಗೆ ಸುತ್ತಿದ ಪಟ್ಟಿಯಲ್ಲಿ ಸಿಗಿಸಿದ್ದೆ. ಉಸಿರು ಎಳೆದಾಗಲೆಲ್ಲ ಬೆಸುಗೆಯ ಗಂಟು ಮುರಿದ ಎಲುಬಿಗೆ ತಾಗುತ್ತಿತ್ತು.

ದ್ಯಾಮೇಶ ತಾಯಿಯ ಹತ್ತಿರ ಬಗ್ಗಿದ. "ಯವ್ವಾ, ನೀ ಹೇಳು. ನೀ ಗಾಡಿ ಮ್ಯಾಲಿಂದ ನೋಡಾಕತ್ತಿದ್ದಿ. ನನ್ನ ಕೈಯಾಗ ರಾಡು ಇತ್ತೋ ಇಲ್ಲೋ? ಅರ್ಧಾ ತಾಸು ಅಂದ್ನೋ ಇಲ್ಲೋ?"

ಗದ್ದಲದಲ್ಲಿ ಅವನ ಕೈಯಲ್ಲಿ ಏನಿತ್ತೋ ಕಾಣಲಿಲ್ಲ ಎಂದು ಉಳಿದ ಹೆಂಗಸರು ಆಗಲೇ ಅಂದಿದ್ದರು. ಕೋಣೆಯಲ್ಲಿ ಎಲ್ಲರೂ ಕರಿಯವ್ವನ ಬಾಯಿ ನೋಡಿದರು. ಅವಳು ಹೌದು ಎಂದರೆ ಮುಂದಿನ ಪ್ರಶ್ನೆ ಒಂದೇ. ಮತ್ತೆ ಸೊಸೆಯನ್ನು ಯಾರು ಎಳೆದು ಕೂಡಿಸಿದರು? ಉಮೇಶ ಮಂಚದ ಕಬ್ಬಿಣ ಹಿಡಿದು ನಿಂತಿದ್ದ.

"ನನಗೇನೂ ನೆನಪಿಲ್ಲ," ಅಂದಳು ಕರಿಯವ್ವ.

"ಯವ್ವಾ."

"ಕೈಯಾಗ ಏನೂ ಇರಲಿಲ್ಲ." ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಉಮೇಶ ಮೊದಲನೆಯ ಏಟು ಮುರಿದ ಭುಜಕ್ಕೇ ಕೊಟ್ಟ. ಆಮೇಲೆ ಯಾರು ಯಾರು ಹೊಡೆದರೋ. ಗ್ಲುಕೋಸಿನ ಕಂಬ ಬಿತ್ತು, ಬಾಟಲಿ ಒಡೆಯಿತು. ದ್ಯಾಮೇಶ ಒಂದು ಕೈಯಿಂದಲೂ ತಡೆಯಲಿಲ್ಲ. ಮಹಮ್ಮದಸಾಬ ಅವನ ಮೇಲೆ ಅಡ್ಡ ಬಿದ್ದ. ಮುದುಕನ ಬೆನ್ನಿಗೆ ನಾಲ್ಕು ಒದೆ ಬಿದ್ದ ಮೇಲೆ ಅವರು ಬಿಟ್ಟರು. ನನ್ನ ಕೈ ಕೂಡ ಎದ್ದಿತ್ತು. ಯಾರ ಮೇಲೆ ಎಂದು ಇಂದಿಗೂ ಹೇಳಲಾರೆ. ಪಕ್ಕೆ ಚುಚ್ಚಿತು, ಇಳಿಸಿದೆ.

ದ್ಯಾಮೇಶ ಗೋಡೆ ಹಿಡಿದು ಎದ್ದ. ಬಾಯಿಂದ ಒಂದು ಹಲ್ಲು ತೆಗೆದು ನೋಡಿ ಕಿಸೆಯಲ್ಲಿ ಇಟ್ಟುಕೊಂಡ. ಬಾಗಿಲಿಗೆ ನಾನು ಅಡ್ಡ ನಿಂತಿದ್ದೆ. ಸರಿಯಲಿಲ್ಲ. ಅವನು ನನ್ನನ್ನು ಸರಿಸಲು ಎಡಗೈಯನ್ನು ನನ್ನ ಎದೆಯ ಮೇಲೆ ಇಟ್ಟ. ಕೈ ಅಲ್ಲೇ ನಿಂತಿತು. ಅಂಗಿಯ ಮೇಲಿಂದಲೇ ಬೆರಳುಗಳು ಮೇಲಿನಿಂದ ಕೆಳಗೆ ನಿಧಾನ ಇಳಿದವು. ಬೆಸುಗೆಯ ಗಂಟಿನ ಹತ್ತಿರ ಬಂದು ಅದನ್ನು ಒಮ್ಮೆ ಮುಟ್ಟಿ ನೋಡಿದವು. ಅವನು ತಾನು ಮಾಡಿದ ಕೆಲಸವನ್ನು ಕತ್ತಲೆಯಲ್ಲೂ ಗುರುತು ಹಿಡಿಯುವವನು.

ನಾನು ಕಾದೆ. ಈಗ ಅಂಗಿ ಹರಿಯುತ್ತಾನೆ ಎಂದು ಕಾದೆ. ಹರಿದಿದ್ದರೆ ನಾನು ತಡೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಅವನು ನನ್ನ ಮುಖ ನೋಡಲಿಲ್ಲ. ತಿರುಗಿ ಮಂಚದ ಕಡೆ ನೋಡಿದ. ಕರಿಯವ್ವನ ಬೆನ್ನು ಕಾಣುತ್ತಿತ್ತು, ಬಿಳಿ ಕೂದಲಿನ ತುರುಬು ಕಾಣುತ್ತಿತ್ತು. ರಾಡು ಹೊರಗೆ ಬಂದರೆ ಸೊಸೆಯನ್ನು ಎಳೆದು ಕೂಡಿಸಿದ ಮಾತು ಅವಳ ಮೇಲೇ ಬೀಳುತ್ತಿತ್ತು.

"ನಟ್ಟು ಎರಡು ನನ್ನ ಹಂತ್ಯಾಕ ಉಳದಾವು," ಅಂದ, ನನಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ. ಕಿಸೆಯಿಂದ ಅವನ್ನು ತೆಗೆದು ನನ್ನ ಅಂಗಿಯ ಕಿಸೆಗೆ ಹಾಕಿದ. ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟದೆ ಅಂಗಳ ದಾಟಿ, ಗೇಟು ದಾಟಿ, ಬಸ್‌ಸ್ಟ್ಯಾಂಡಿನ ಕಡೆಯೂ ಅಲ್ಲ, ಊರಿನ ಕಡೆಯೂ ಅಲ್ಲ, ಕುಷ್ಟಗಿಯ ರಸ್ತೆ ಹಿಡಿದು ನಡೆದ. ಆ ಚಪ್ಪಲಿಗಳು ದವಾಖಾನೆಯ ಬಾಗಿಲಲ್ಲಿ ಹದಿನೈದು ದಿನ ಇದ್ದವು. ಅವನು ತಿರುಗಿ ಬರಲಿಲ್ಲ.